ಸೆಕೆಂಡ್ ಹ್ಯಾಂಡ್ ಜುಕಿ ಮಿಷನ್: 14 ತಿಂಗಳು ಹೊಲಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮಿಷನ್ ಚೆನ್ನಾಗಿದೆ. ಕೊಂಡುಕೊಂಡ ಕಾರಣ ಒಂದು, ಈಗ ಇಷ್ಟಪಡುವ ಕಾರಣ ಇನ್ನೊಂದು, ಅಷ್ಟೇ.

ಹನುಮಂತನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ನಡುಮನೆಯ ಕಿಟಕಿ ಪಕ್ಕದ ಮೂಲೆಯೇ ನನ್ನ ಕಾರ್ಖಾನೆ. ದಿಂಬಿನ ಕವರು, ಟೇಬಲ್ ಮ್ಯಾಟು, ತರಕಾರಿ ಚೀಲ, ಬಿಸಿ ಪಾತ್ರೆ ಹಿಡಿಯುವ ಪ್ಯಾಡು ಹೊಲಿದು ಮಾರುತ್ತೇನೆ. ಆ ಕೊನೆಯದು ಗಿರಾಕಿಗಳ ಬಾಯಲ್ಲಿ ಪಾಟ್ ಹೋಲ್ಡರ್, ನಮ್ಮಮ್ಮನ ಬಾಯಲ್ಲಿ ಮಸಿಬಟ್ಟೆ. 'ಮಸಿಬಟ್ಟೆಗೆ 180 ರೂಪಾಯಾ?' ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಆರ್ಡರು ಬರುತ್ತದೆ. ತಿಂಗಳಿಗೊಂದು ಸಲ ಯಾವುದಾದರೂ ಅಪಾರ್ಟ್‌ಮೆಂಟಿನ ಸಂತೆಯಲ್ಲಿ ಟೇಬಲ್ ಹಾಕುತ್ತೇನೆ.

ಮೂರು ವರ್ಷ ಇದನ್ನೆಲ್ಲ ಅಮ್ಮನ ತುಳಿಯುವ ಮಿಷನ್‌ನಲ್ಲೇ ಹೊಲಿದೆ. ನಡುವೆ ಒಂದು ಪುಟ್ಟ ಕರೆಂಟ್ ಮಿಷನ್ ತಂದಿದ್ದೆ. ಅದರ ಹೆಸರು ಬೇಡ. ಕ್ಯಾನ್ವಾಸ್ ಚೀಲ ಹೊಲಿದೂ ಹೊಲಿದೂ 11 ತಿಂಗಳಿಗೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಾಲಿ ಸವೆದುಹೋಯಿತು. ಬ್ಲೌಸಿನ ಸೈಡು ಬಿಚ್ಚಿ ಹೊಲಿಯಲು ಮಾಡಿದ್ದನ್ನು ಎತ್ತಿನ ಹಾಗೆ ದುಡಿಸಿದ್ದು ನನ್ನ ತಪ್ಪೇ. ಆಮೇಲೆ ಒಂದು ದೀಪಾವಳಿಗೆ 60 ದಿಂಬಿನ ಕವರಿನ ಆರ್ಡರು ಬಂತು. ಮತ್ತೆ ತುಳಿದೆ. ಹಬ್ಬದ ದಿನ ಮಂಡಿ ಮಡಚಲಾಗದೆ ರಂಗೋಲಿಯನ್ನು ಮಗಳ ಕೈಲಿ ಹಾಕಿಸಿದೆ.

ಹಾಗೆ ಬಂದದ್ದು ಜುಕಿ. ಬೆಂಗಳೂರಲ್ಲಿ ಪವರ್ ಮಿಷನ್‌ಗೆಲ್ಲ ಜುಕಿ ಅಂತಲೇ ಹೆಸರು, ಯಾವ ದೇಶದ ಯಾವ ಕಂಪನಿಯದೇ ಆಗಿರಲಿ. ನನ್ನದು ಮಾತ್ರ ನಿಜವಾಗಿಯೂ ಜಪಾನಿನ ಜುಕಿ ಕಂಪನಿಯದು, ಡಿಡಿಎಲ್ 8700. ಒಂದೇ ಸೂಜಿ, ನೇರ ಹೊಲಿಗೆ. ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಸಾಲಾಗಿ ಇರುತ್ತದಲ್ಲ, ಅದೇ. ಮೈಸೂರು ರಸ್ತೆ ಕಡೆ ಹಳೆ ಮಿಷನ್ ಮಾರುವ ಒಬ್ಬರ ಹತ್ತಿರ ಟೇಬಲ್ಲು, ಸ್ಟ್ಯಾಂಡು, ಕ್ಲಚ್ ಮೋಟಾರು ಎಲ್ಲ ಸೇರಿ 14,500 ರೂಪಾಯಿಗೆ ಸಿಕ್ಕಿತು. ತಲೆ, ಅಂದರೆ ಟೇಬಲ್ ಮೇಲೆ ಕೂರುವ ಹೊಲಿಯುವ ಭಾಗ, ಅದೊಂದೇ 30 ಕೆಜಿ ಹತ್ತಿರ ಇದೆ. ನಮ್ಮ ಮೆಟ್ಟಿಲು ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಹೋಗಬೇಕಾದಷ್ಟು ಕಿರಿದು. ತಲೆ ಬೇರೆ, ಟೇಬಲ್ ಬೇರೆ, ಮೋಟಾರು ಬೇರೆ ಮಾಡಿ ಮೂರು ಸಲ ಹೊತ್ತರು. ಹೊತ್ತವರಿಗೆ ಕಾಫಿ ಕೊಟ್ಟು 600 ರೂಪಾಯಿ ಕೊಟ್ಟೆ. ಅದನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಮಿಷನ್ನಿನ ಕತ್ತಿನ ಹತ್ತಿರ ಬಿಳಿ ಪೇಂಟಿನಲ್ಲಿ 'ಎಲ್ 4 - 17' ಅಂತ ಬರೆದಿತ್ತು. ಟೇಬಲ್ಲಿನ ಎಡ ಅಂಚಿನಲ್ಲಿ ಸನ್‌ಮೈಕಾ ಅಂಗೈಯಗಲ ಸವೆದು ಒಳಗಿನ ಕಂದು ಬಣ್ಣ ಕಾಣುತ್ತಿತ್ತು. ಏನೋ ಸುಟ್ಟಿರಬೇಕು ಅಂದುಕೊಂಡೆ. ಹಿಂದಿನ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ, 19 ವರ್ಷ ಗಾರ್ಮೆಂಟ್ಸ್‌ಗೆ ಹೋಗಿ ಈಗ ಮನೆಯಲ್ಲಿದ್ದಾರೆ. ನೋಡಿದ ಕೂಡಲೇ ಹೇಳಿದರು: 'ಸುಟ್ಟಿದ್ದಲ್ಲ ಕಣಮ್ಮ, ಕೈ ಸವೆದಿರೋದು. ನಾಲ್ಕನೇ ಲೈನು, ಹದಿನೇಳನೇ ಮಿಷನ್ನು. ಯಾರೋ ನನ್ನಂಥೋಳು ಕೂತಿದ್ಲು ಬಿಡು.' ಆ ನಂಬರನ್ನು ನಾನು ಅಳಿಸಿಲ್ಲ. ಆಯುಧಪೂಜೆಗೆ ಕುಂಕುಮ ಇಟ್ಟಿದ್ದೂ ಅದರ ಪಕ್ಕದಲ್ಲೇ.

ಮೊದಲ ತಿಂಗಳು ಅಳು ಬಂತು. ಹತ್ತು ಹೊಲಿಗೆಗೆ ಒಂದು ತಪ್ಪುತ್ತಿತ್ತು. ಸೂಜಿ ಬದಲಿಸಿದೆ, ದಾರ ಬದಲಿಸಿದೆ, ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ಟೆನ್ಷನ್ ತಿರುಗಿಸಿದೆ, ನನ್ನ ಟೆನ್ಷನ್ನೇ ಜಾಸ್ತಿ ಆಯಿತು. ಮಾರಿದವರು 'ಆರು ತಿಂಗಳು ಸರ್ವೀಸ್ ಫ್ರೀ ಮೇಡಂ' ಅಂದಿದ್ದರು. ದುಡ್ಡು ಕೈಗೆ ಬಂದ ಮೇಲೆ ಅವರ ಫೋನು ರಿಂಗ್ ಆಗುವುದಷ್ಟೇ, ಎತ್ತುವವರಿಲ್ಲ. ಕೊನೆಗೆ ಅಕ್ಕನ ಪರಿಚಯದ ಮೆಕ್ಯಾನಿಕ್ ಬಂದರು. ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಲಗಿಸಿ, ಮೊಬೈಲ್ ಟಾರ್ಚ್ ಹಿಡಿದು, ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುತ್ತಾ ತೋರಿಸಿದರು. ಸೂಜಿ ಪೂರ್ತಿ ಕೆಳಗಿಳಿದು ಒಂದಿಷ್ಟೇ ಮೇಲೇಳುವಾಗ ದಾರ ಪಕ್ಕಕ್ಕೆ ಉಬ್ಬಿ ಸಣ್ಣ ಕುಣಿಕೆ ಆಗುತ್ತದೆ. ಕೆಳಗೆ ತಿರುಗುವ ಹುಕ್ಕಿನ ಮೂತಿ ಸರಿಯಾಗಿ ಆ ಹೊತ್ತಿಗೆ ಬಂದು ಕುಣಿಕೆ ಹಿಡಿಯಬೇಕು. ನನ್ನ ಮಿಷನ್‌ನಲ್ಲಿ ಹುಕ್ಕು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. 'ಬಸ್ಸು ಹೋದ್ಮೇಲೆ ಸ್ಟಾಪಿಗೆ ಬಂದಂಗೆ' ಅಂದರು ಆ ಅಣ್ಣ. ಮೂರು ಸ್ಕ್ರೂ ಸಡಿಲಿಸಿ, ಸರಿಸಿ, ಬಿಗಿ ಮಾಡಿದರು. 400 ರೂಪಾಯಿ. ಅವತ್ತಿನಿಂದ ಒಂದು ಹೊಲಿಗೆಯೂ ತಪ್ಪಿಲ್ಲ. ಹಳೆ ಮಿಷನ್ ಕೊಳ್ಳಲು ಹೋಗುವವರು ನಿಮ್ಮದೇ ಬಟ್ಟೆ ತೊಗೊಂಡು ಹೋಗಿ ಅಲ್ಲೇ ಒಂದು ಮೀಟರ್ ಹೊಲಿದು ನೋಡಿ. ಅವರು ಕೊಡುವ ಗಂಜಿ ಹಾಕಿದ ಬಿಳಿ ತುಂಡಿನ ಮೇಲೆ ಎಲ್ಲ ಮಿಷನ್ನೂ ಚೆನ್ನಾಗಿಯೇ ಹೊಲಿಯುತ್ತದೆ.

ಸೂಜಿ ವಿಷಯ ಒಂದು ಮಾತು. ಮನೆ ಮಿಷನ್ನಿನ ಸೂಜಿಯ ತಲೆ ಒಂದು ಬದಿ ಚಪ್ಪಟೆ ಇರುತ್ತದೆ, ಯಾವ ಕಡೆ ತಿರುಗಿಸಿ ಹಾಕಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ಇದರದು ಡಿಬಿ 1 ಅಂತ, ತಲೆ ಪೂರ್ತಿ ಗುಂಡಗೆ. ಹೇಗೆ ಹಾಕಿದರೂ ಹೋಗುತ್ತದೆ, ಆದರೆ ಒಂದೇ ರೀತಿಯಲ್ಲಿ ಹೊಲಿಯುತ್ತದೆ. ಉದ್ದ ಗೀರು ಎಡಕ್ಕೆ, ಕಣ್ಣಿನ ಹತ್ತಿರದ ತಗ್ಗು ಬಲಕ್ಕೆ, ದಾರ ಎಡದಿಂದ ಬಲಕ್ಕೆ. ಗೋಡೆಗೆ ಬರೆದು ಅಂಟಿಸಿದ್ದೇನೆ. ಮಾಮೂಲಿ ಕಾಟನ್‌ಗೆ 14ನೇ ನಂಬರ್ ಸೂಜಿ, ಕ್ಯಾನ್ವಾಸ್‌ಗೆ 16, ಗುಳೇದಗುಡ್ಡದ ಖಣಕ್ಕೆ 11 ಹಾಕುತ್ತೇನೆ. ಖಣಕ್ಕೆ ದಪ್ಪ ಸೂಜಿ ಹಾಕಿದರೆ ರೇಷ್ಮೆ ಎಳೆ ಜಗ್ಗಿ ಗೆರೆ ಬೀಳುತ್ತದೆ, ಅದು ಇಸ್ತ್ರಿಗೂ ಹೋಗುವುದಿಲ್ಲ.

ಇನ್ನು ಸದ್ದು. ಕ್ಲಚ್ ಮೋಟಾರು ಸ್ವಿಚ್ ಹಾಕಿದಾಗಿನಿಂದ ಆರಿಸುವವರೆಗೆ ಓಡುತ್ತಲೇ ಇರುತ್ತದೆ, ನೀವು ಹೊಲಿಯಿರಿ ಬಿಡಿ. ನಾನು ಮೂಲೆ ಪಿನ್ ಮಾಡುತ್ತಾ ಕೂತಿದ್ದರೂ ಗುಂಯ್ ಅಂತಿರುತ್ತದೆ. ಎರಡನೇ ವಾರ ಕೆಳಗಿನಿಂದ ಓನರ್ ಆಂಟಿ ಬಂದರು. 'ಮೇಲೆ ಹಿಟ್ಟಿನ ಗಿರಣಿ ಇಟ್ಟಿದೀಯೇನಮ್ಮ? ಇದ್ರೆ ಹೇಳು, ರಾಗಿ ತಂದ್ಕೊಡ್ತೀನಿ.' ನಗುತ್ತಲೇ ಹೇಳಿದರು, ಆದರೆ ಬಾಡಿಗೆ ಮನೆಯಲ್ಲಿ ಅಂಥ ನಗು ಅರ್ಥ ಮಾಡಿಕೊಳ್ಳಬೇಕು. ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಹಾಕಿದೆ, ಅರ್ಧ ಕಡಿಮೆ ಆಯಿತು. ಆಮೇಲೆ 4,800 ಕೊಟ್ಟು ಸರ್ವೋ ಮೋಟಾರು ಹಾಕಿಸಿದೆ. ಇದು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಸ್ಪೀಡು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಲು ಒಂದು ತಿರುಪು ಇದೆ. ಮನೆಯಲ್ಲಿ ಇಡುವವರು ಮೊದಲ ದಿನವೇ ಸರ್ವೋ ಹಾಕಿಸಿಕೊಳ್ಳಿ, ನನ್ನ ಹಾಗೆ ಎರಡು ಸಲ ದುಡ್ಡು ಕೊಡಬೇಡಿ. ಕರೆಂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಕರೆಂಟು ತಿನ್ನುವುದು ಇಸ್ತ್ರಿಪೆಟ್ಟಿಗೆ, ಮಿಷನ್ ಪಾಪ ಲೆಕ್ಕಕ್ಕೇ ಇಲ್ಲ.

ಓಡಿಸುವುದು ಕಲಿಸಿದ್ದು ಅದೇ ಅಕ್ಕ. ಮೊದಲ ಸಲ ಪೆಡಲ್ ಮೇಲೆ ಕಾಲಿಟ್ಟಾಗ ಬಟ್ಟೆ ನನ್ನ ಕೈಯಿಂದ ಕಿತ್ತುಕೊಂಡು ಗೋಡೆ ಕಡೆ ಓಡಿತ್ತು. ಅಕ್ಕ ಬಟ್ಟೆ ತೆಗೆದಿಟ್ಟರು, ಸೂಜಿಯಿಂದ ದಾರವನ್ನೂ ತೆಗೆದರು. ಮಗಳ ಹಳೆ ನೋಟ್‌ಬುಕ್ಕಿನ ಗೆರೆ ಹಾಳೆ ಹರಿದು ಸೂಜಿ ಕೆಳಗಿಟ್ಟರು. 'ಗೆರೆ ಮೇಲೆ ತೂತ ಬೀಳ್ಬೇಕು. ಒತ್ತೋದಲ್ಲ ಕಣಮ್ಮ, ಸುಮ್ನೆ ಕಾಲು ಇಡೋದು.' ಎರಡು ದಿನ ಬರೀ ಕಾಗದ ಹೊಲಿದೆ. ನೇರ ಗೆರೆ, ಆಮೇಲೆ ಚೌಕ, ಆಮೇಲೆ ಅಕ್ಕ ತಟ್ಟೆ ಇಟ್ಟು ಬರೆದ ವೃತ್ತ. ಮೂರನೇ ದಿನ ಕಾಲು ಹೇಳಿದ ಮಾತು ಕೇಳತೊಡಗಿತು. ಫ್ಯಾಕ್ಟರಿಯಲ್ಲಿ ಹೊಸಬರಿಗೆ ಹೀಗೇ ಕಲಿಸುವುದಂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪನಿ ಲೆಕ್ಕದಲ್ಲಿ ಈ ಮಿಷನ್ ನಿಮಿಷಕ್ಕೆ 5,500 ಹೊಲಿಗೆವರೆಗೆ ಹಾಕುತ್ತದೆ. 16 ಇಂಚಿನ ದಿಂಬಿನ ಕವರಿನ ಒಂದು ಬದಿಗೆ, ಇಂಚಿಗೆ 10 ಹೊಲಿಗೆಯಂತೆ, 160 ಹೊಲಿಗೆ. ಅಂದರೆ ಎರಡು ಸೆಕೆಂಡೂ ಬೇಡ. ಇದನ್ನು ಕಾಗದದ ಮೇಲೆ ಬರೆದುಕೊಂಡು ದಿನಕ್ಕೆ 20 ಕವರು ಹೊಲಿಯುವ ಕನಸು ಕಂಡಿದ್ದೆ. ಆಮೇಲೆ ಒಂದು ವಾರ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. ಜಿಪ್ಪು, ಪೈಪಿಂಗ್ (ಅಂಚಿಗೆ ಹಾಕುವ, ಒಳಗೆ ಹುರಿ ಇರುವ ಪಟ್ಟಿ) ಇರುವ ಒಂದು ಕವರಿಗೆ ಕತ್ತರಿಸಲು 9 ನಿಮಿಷ, ಪೈಪಿಂಗ್ ಪಟ್ಟಿ ಮಾಡಲು 5, ಇಸ್ತ್ರಿ 7, ದಾರ ಕತ್ತರಿಸಿ ಮಡಚಿ ಪ್ಯಾಕ್ ಮಾಡಲು 10. ಒಟ್ಟು 31. ಇದು ಮಿಷನ್ ಯಾವುದಿದ್ದರೂ ಅಷ್ಟೇ. ಹೊಲಿಗೆ ಅಮ್ಮನ ಮಿಷನ್‌ನಲ್ಲಿ 35 ನಿಮಿಷ ಹಿಡಿಯುತ್ತಿತ್ತು, ಇದರಲ್ಲಿ 14. ಒಟ್ಟು 66 ಇದ್ದದ್ದು 45 ಆಯಿತು. ದಿನಕ್ಕೆ ಐದು ಗಂಟೆ ಕೂತರೆ ಮೊದಲು ನಾಲ್ಕೂವರೆ ಕವರು, ಈಗ ಆರೂಮುಕ್ಕಾಲರ ಹತ್ತಿರ. ಜಾಸ್ತಿಯೇ, ಇಲ್ಲ ಅನ್ನಲ್ಲ. ಆದರೆ 20 ಎಲ್ಲಿ, ಏಳು ಎಲ್ಲಿ! ಮಧ್ಯಾಹ್ನ ಮಿಷನ್ ಸುಮ್ಮನೆ ಕೂತಿರುತ್ತದೆ, ನಾನು ಇಸ್ತ್ರಿ ಮುಂದೆ ಬೆವರುತ್ತಿರುತ್ತೇನೆ. ಆ ದುಡ್ಡಲ್ಲಿ ಮೊದಲು ಒಂದು ಒಳ್ಳೆ ಕತ್ತರಿಸುವ ಟೇಬಲ್ ಮಾಡಿಸಬೇಕಿತ್ತು. ಈಗಲೂ ನೆಲದ ಮೇಲೆ ಬಟ್ಟೆ ಹಾಸಿ ಬಗ್ಗಿಯೇ ಕತ್ತರಿಸುತ್ತೇನೆ. ಮಂಡಿ ನೋವು ಹೋಯಿತು, ಸೊಂಟ ನೋವು ಬಂತು.

ಹಾಗಿದ್ದರೆ ಯಾಕೆ ಇಷ್ಟ? ಟೇಬಲ್ ಕೆಳಗೆ ಬಲ ಮಂಡಿ ಹತ್ತಿರ ಒಂದು ತಟ್ಟೆಯಂಥ ಪ್ಯಾಡ್ ಇದೆ. ಮಂಡಿಯಿಂದ ಅದನ್ನು ಬಲಕ್ಕೆ ತಳ್ಳಿದರೆ ಬಟ್ಟೆ ಒತ್ತಿ ಹಿಡಿಯುವ ಫೂಟ್ ಮೇಲೇಳುತ್ತದೆ. ಎರಡು ಕೈಯೂ ಬಟ್ಟೆ ಮೇಲೇ ಇರುತ್ತವೆ. ಪೈಪಿಂಗ್ ಹಾಕಿದ ಮೂಲೆ ತಿರುಗಿಸುವುದು ನೆನೆಸಿಕೊಳ್ಳಿ: ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿದೆ, ಎಡಗೈ ಒಳಗಿನ ಹುರಿ ಒತ್ತಿ ಹಿಡಿದಿದೆ, ಬಲಗೈ ಬಟ್ಟೆ ತಿರುಗಿಸುತ್ತಿದೆ. ಹಿಂದೆ ಇದೇ ಹೊತ್ತಿಗೆ ಒಂದು ಕೈ ಬಿಟ್ಟು ಹಿಂದಿನ ಹಿಡಿ ಎತ್ತಬೇಕಿತ್ತು, ಹುರಿ ಜಾರುತ್ತಿತ್ತು, ಮೂಲೆ ಬೆಕ್ಕಿನ ಕಿವಿಯ ಹಾಗೆ ಆಗುತ್ತಿತ್ತು. ಈಗ ನಾಲ್ಕೂ ಮೂಲೆ ಒಂದೇ ಥರ. ಇದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ, ಎಲ್ಲರೂ ಸ್ಪೀಡಿನ ಮಾತೇ ಆಡಿದರು. ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಹತ್ತಕ್ಕೆ ಮೂರು ಇದ್ದದ್ದು ಈಗ ಅಪರೂಪ.

ಕೈಲಾಗದ್ದೂ ಇದೆ. ಜಿಗ್‌ಜಾಗ್ ಇಲ್ಲ, ಕಾಜಾ ಇಲ್ಲ, ಅಂಚು ಸುತ್ತುವುದಿಲ್ಲ. ಓವರ್‌ಲಾಕ್‌ಗೆ ಮೂಲೆಯ ಟೈಲರ್ ಅಂಗಡಿಗೆ ಕೊಡುತ್ತೇನೆ, ಪೀಸಿಗೆ 5 ರೂಪಾಯಿ. ಒಳಗೆ ಹತ್ತಿ ಹಾಳೆ ಇಟ್ಟ ಟೇಬಲ್ ಮ್ಯಾಟು ಹೊಲಿಯುವಾಗ ಮೇಲಿನ ಪದರ ಹಿಂದೆ ಉಳಿಯುತ್ತದೆ, ಯಾಕೆಂದರೆ ಈ ಮಿಷನ್‌ನಲ್ಲಿ ಬಟ್ಟೆ ಎಳೆಯುವ ಹಲ್ಲು ಕೆಳಗೆ ಮಾತ್ರ ಇರುವುದು. ಒತ್ತಾಗಿ ಟಾಕು ಹಾಕಿಕೊಂಡು ಹೊಲಿಯಬೇಕು. ಬರೀ ಕ್ಯಾನ್ವಾಸ್, ಜೀನ್ಸ್ ಹೊಲಿಯುವವರು ಇದೇ ಮಿಷನ್ನಿನ ಹೆಸರಿನ ಕೊನೆಗೆ ಎಚ್ ಇರುವುದನ್ನು ಹುಡುಕಿ, ಅದು ದಪ್ಪ ಬಟ್ಟೆಗೆ.

ಒಂದು ಎಡವಟ್ಟು ಮಾಡಿಕೊಂಡೆ. ತಲೆಯ ಕೆಳಗೆ ಎಣ್ಣೆ ತಟ್ಟೆ ಇದೆ, ಅದರಲ್ಲಿ ಹೈ, ಲೋ ಅಂತ ಎರಡು ಗುರುತು. ಎಣ್ಣೆ ಎರಡರ ನಡುವೆ ಇರಬೇಕು. 'ಚೆನ್ನಾಗಿ ಓಡಲಿ' ಅಂತ ನಾನು ತಟ್ಟೆ ತುಂಬಾ ಹೊಯ್ದೆ, ಒಗ್ಗರಣೆಗೆ ಹಾಕಿದ ಹಾಗೆ. ಮಾರನೇ ದಿನ ಕೆನೆ ಬಣ್ಣದ ನಾಲ್ಕು ಕವರಿನ ಮೇಲೆ ಎಣ್ಣೆ ಚುಕ್ಕಿ. ಸೀಮೆಸುಣ್ಣದ ಪುಡಿ ಉಜ್ಜಿದೆ, ಪಾತ್ರೆ ಸೋಪು ಹಾಕಿದೆ, ಎರಡು ಉಳಿದವು, ಎರಡು ಅಮ್ಮನ ಮಸಿಬಟ್ಟೆ ಆದವು. ಈಗ ಬೆಳಗ್ಗೆ ಮೊದಲ ಐದು ನಿಮಿಷ ಹಳೆ ಪಂಚೆ ತುಂಡಿನ ಮೇಲೆ ಓಡಿಸಿ, ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ನೋಡಿ, ಆಮೇಲೆ ಒಳ್ಳೆ ಬಟ್ಟೆ ಇಡುತ್ತೇನೆ.

ಬಿಡಿಭಾಗಕ್ಕೆ ತೊಂದರೆಯೇ ಇಲ್ಲ. ಬಾಬಿನ್ನು, ಬಾಬಿನ್ ಕೇಸು, ಜಿಪ್ಪಿನ ಫೂಟು ಎಲ್ಲ ಈ ಊರಲ್ಲಿ ಸುಲಭವಾಗಿ ಸಿಗುತ್ತವೆ, ಅಷ್ಟು ಜನ ಇದೇ ಮಿಷನ್ ಓಡಿಸುತ್ತಾರೆ. ಜಿಪ್ಪು ಮೀಟರ್ ಲೆಕ್ಕ, ರನ್ನರ್ ಡಜನ್ ಲೆಕ್ಕ, ದಾರ ಕೋನ್ ಲೆಕ್ಕ ಮಾಮೂಲ್‌ಪೇಟೆಯಲ್ಲಿ ತರುತ್ತೇನೆ. 2023ರ ಜೂನ್‌ನಿಂದ ನಮಗೆ ಹೆಂಗಸರಿಗೆ ಬಸ್ ಫ್ರೀ ಅಲ್ವಾ, ಮಾರ್ಕೆಟ್‌ವರೆಗೆ ಬಿಎಂಟಿಸಿಯಲ್ಲಿ ಹೋಗಿ ಅಲ್ಲಿಂದ ನಡೆದರಾಯಿತು. ಬರುವಾಗ ಮಾತ್ರ ಕೋನ್ ಚೀಲ ಹೊತ್ತು ಆಟೋ ಜೊತೆ ಚೌಕಾಸಿ.

ವಾರಕ್ಕೆ ಐದಾರು ಪೀಸು ಹೊಲಿಯುವವರಿಗೆ ಇದು ಬೇಡ, ಜಾಗ ದಂಡ. ಟೇಬಲ್ ನಾಲ್ಕು ಅಡಿ ಉದ್ದ, ಮಡಚಿ ಮೂಲೆಗಿಡಲು ಆಗುವುದಿಲ್ಲ. ತಿಂಗಳಿಗೆ ನೂರು ದಾಟುತ್ತಿದ್ದರೆ, ಕೆಳಗಿನ ಮನೆಯವರು ಒಳ್ಳೆಯವರಾಗಿದ್ದರೆ, ಹತ್ತಿರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರೆ, ಖಂಡಿತ ತೊಗೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಕಳೆದದ್ದು ಮಾರಿದವರ ಲೆಕ್ಕಕ್ಕೆ, ಮಿಷನ್ ಲೆಕ್ಕಕ್ಕಲ್ಲ.

ಹಳೆ ಕ್ಲಚ್ ಮೋಟಾರನ್ನು ಮಾರೋಣ ಅಂತ ಮೆಟ್ಟಿಲ ಕೆಳಗೆ ಇಟ್ಟಿದ್ದೆ. ಹೋದ ವಾರ ನೋಡಿದರೆ ಓನರ್ ಆಂಟಿ ಅದರ ಮೇಲೆ ದೊಡ್ಡಪತ್ರೆ ಕುಂಡ ಇಟ್ಟಿದ್ದಾರೆ. ಕೇಳಿದರೆ, 'ಇರ್ಲಿ ಬಿಡಮ್ಮ, ಈಗ ಸದ್ದು ಮಾಡ್ತಿಲ್ವಲ್ಲ' ಅಂದರು.