ಒರ್ಲ್ಯಾಂಡೊ ಹನಿಮೂನ್: ಅರ್ಧ ಬೆಲೆಯ ಪಾರ್ಕ್ ಟಿಕೆಟ್ ಅಂದವರ ಹತ್ತಿರ ನಿಲ್ಲಬೇಡಿ

ಕೈಯಲ್ಲಿ ಕಾಸು ಕಡಿಮೆ, ಆದರೂ ಹನಿಮೂನ್‌ಗೆ ಅಮೆರಿಕದ ಫ್ಲೋರಿಡಾದ ಥೀಮ್ ಪಾರ್ಕ್‌ಗಳಿಗೇ ಹೋಗಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ಈ ಬರಹ. ಆ ಪಾರ್ಕ್‌ಗಳಿರುವ ಊರು ಒರ್ಲ್ಯಾಂಡೊದಲ್ಲಿ ರಸ್ತೆ ಬದಿ, ಹೋಟೆಲ್ ಲಾಬಿ, ಎಲ್ಲಾ ಕಡೆ "ಡಿಸ್ಕೌಂಟ್ ಟಿಕೆಟ್" ಬೋರ್ಡ್ ಇರುವ ಮೇಜುಗಳಿರುತ್ತವೆ. ಅದರಲ್ಲೂ ಅರ್ಧ ಬೆಲೆ ಅನ್ನುವವರ ಹತ್ತಿರ ನಿಲ್ಲಲೇಬೇಡಿ. ಟಿಕೆಟ್ ನಕಲಿ ಅಂತಲ್ಲ. ನಮಗೆ ಸಿಕ್ಕಿದ್ದು ಅಸಲಿ ಟಿಕೆಟ್ಟೇ. ಆದರೆ ಉಳಿದ ಅರ್ಧ ಬೆಲೆಯನ್ನು ಅವರು ಬೇರೆ ದಾರಿಯಲ್ಲಿ ವಸೂಲಿ ಮಾಡುತ್ತಾರೆ.

ಆ ಬೋರ್ಡ್ ಯಾಕೆ ಅಷ್ಟು ಸೆಳೆಯುತ್ತೆ ಅಂತ ಹೋದವರಿಗೆ ಗೊತ್ತು. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದೊಡ್ಡ ಪಾರ್ಕ್‌ಗಳಿವೆ: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಇನ್ನೊಂದು ಕಂಪನಿ ಯೂನಿವರ್ಸಲ್‌ನವರ ಪಾರ್ಕ್‌ಗಳು ಬೇರೆ, 2025ರ ಮೇ ತಿಂಗಳಲ್ಲಿ ಅವರ ಎಪಿಕ್ ಯೂನಿವರ್ಸ್ ಕೂಡ ಶುರುವಾಗಿದೆ. ಡಿಸ್ನಿ ವರ್ಲ್ಡ್ ಟಿಕೆಟ್ ಬೆಲೆ 2018ರಿಂದ ತಾರೀಕು ನೋಡಿಕೊಂಡು ಏರಿಳಿಯುತ್ತೆ. ಜನ ಕಡಿಮೆ ಇರುವ ದಿನದಲ್ಲೂ ಒಬ್ಬರ ಒಂದು ದಿನದ ಟಿಕೆಟ್ 100 ಡಾಲರ್ ದಾಟುತ್ತೆ. ಕ್ರಿಸ್‌ಮಸ್ ವಾರದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ 200ರ ಆಸುಪಾಸು. ಹಿಂದೆ ಕ್ಯೂ ತಪ್ಪಿಸುವ ಫಾಸ್ಟ್‌ಪಾಸ್ ಪುಕ್ಕಟೆ ಇತ್ತು. 2021ರಿಂದ ಅದಕ್ಕೂ ದುಡ್ಡು, ಈಗ ಅದರ ಹೆಸರು ಲೈಟ್ನಿಂಗ್ ಲೇನ್. ಇಷ್ಟನ್ನೂ ಇಬ್ಬರಿಗೆ ಗುಣಿಸಿ, ಮೂರ್ನಾಲ್ಕು ದಿನಕ್ಕೆ ಗುಣಿಸಿ. ಮದುವೆ ಖರ್ಚು ಇನ್ನೂ ಮೈಮೇಲಿದ್ದಾಗ "ಅರ್ಧ ಬೆಲೆ" ಅಂದರೆ ಕಾಲು ತಾನಾಗಿ ಆ ಕಡೆ ಹೋಗುತ್ತೆ, ಅಲ್ವಾ?

ಇಂಟರ್‌ನ್ಯಾಷನಲ್ ಡ್ರೈವ್ ಅನ್ನೋದು ಅಲ್ಲಿನ ದೊಡ್ಡ ಪ್ರವಾಸಿ ರಸ್ತೆ. ಅಲ್ಲಿ ನಮ್ಮನ್ನು ಕರೆದ ಹುಡುಗಿ ತುಂಬಾ ಚೆನ್ನಾಗಿ ಮಾತಾಡಿದಳು. ಮೊದಲ ಪ್ರಶ್ನೆಯೇ "ಮದುವೆಯಾಗಿದೆಯಾ?" ಹೊಸದಾಗಿ ಅಂದಾಗ ಮುಖ ಅರಳಿತು. ಆಮೇಲೆ ಇಬ್ಬರ ವಯಸ್ಸು. ವರ್ಷದ ವರಮಾನ. ಕ್ರೆಡಿಟ್ ಕಾರ್ಡ್ ಇದೆಯಾ, ಯಾವ ಬ್ಯಾಂಕಿನದು. ಟಿಕೆಟ್ ಮಾರುವವರಿಗೆ ನನ್ನ ಗಂಡನ ಸಂಬಳ ಯಾಕೆ ಬೇಕು? ಇದನ್ನು ಕೇಳಿದರೆ ನಗು ಬಂತೇ ಹೊರತು ಉತ್ತರ ಬರಲಿಲ್ಲ. "ನಾಳೆ ಬೆಳಿಗ್ಗೆ ಒಂದು ರೆಸಾರ್ಟ್ ನೋಡೋಕೆ ಬನ್ನಿ, ತಿಂಡಿ ನಮ್ಮದೇ, 90 ನಿಮಿಷ ಅಷ್ಟೇ, ಮುಗಿದ ಮೇಲೆ ಟಿಕೆಟ್." ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಗುರುತಿನ ಚೀಟಿ ಮತ್ತು ಕಾರ್ಡ್ ತರಲೇಬೇಕು. ಬರದಿದ್ದರೆ ಇವತ್ತು ಕಟ್ಟಿದ ಠೇವಣಿ ಹೋಯಿತು. ಟೈಮ್‌ಷೇರ್ ಅನ್ನುವ ಪದ ಒಂದು ಸಲವೂ ಅವಳ ಬಾಯಿಂದ ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಟೈಮ್‌ಷೇರ್ ಅಂದರೆ ರೆಸಾರ್ಟ್‌ನಲ್ಲಿ ವರ್ಷಕ್ಕೆ ಇಷ್ಟು ದಿನ ಇರುವ ಹಕ್ಕನ್ನು ಕೊಳ್ಳುವುದು. ಈಗ ಹೆಚ್ಚಿನವರು ದಿನದ ಬದಲು "ಪಾಯಿಂಟ್ಸ್" ಅಂತ ಮಾರುತ್ತಾರೆ. ಸಾವಿರಾರು ಡಾಲರ್ ಬೆಲೆ, ಅದಕ್ಕೆ ಅವರೇ ಕೊಡುವ ದುಬಾರಿ ಬಡ್ಡಿಯ ಸಾಲ. ಸಾಲ ತೀರಿದ ಮೇಲೂ ಪ್ರತಿ ವರ್ಷ ಮೇಂಟೆನೆನ್ಸ್ ಕಟ್ಟಬೇಕು, ನೀವು ಹೋಗಿ ಇರಿ, ಬಿಡಿ. ಆ ಮೊತ್ತ ಏರುತ್ತಲೇ ಹೋಗುತ್ತೆ. ಬೇಡ ಅಂತ ಮಾರಲು ಹೋದರೆ ಕೊಳ್ಳುವವರಿಲ್ಲ. ಒಂದು ಡಾಲರಿಗೆ ಕೊಡುತ್ತೇವೆ ಅಂತ ಜಾಹೀರಾತು ಹಾಕಿಕೊಂಡು ಕೂತವರಿದ್ದಾರೆ.

ಇನ್ನು "ಬೆಳಿಗ್ಗೆ" ಅನ್ನುವ ಮಾತು. ನನಗೆ ಈಗಲೂ ಸಿಟ್ಟು ಬರುವುದು ಅದರ ಮೇಲೆಯೇ. ಥೀಮ್ ಪಾರ್ಕ್‌ನಲ್ಲಿ ಬಾಗಿಲು ತೆಗೆದ ಮೊದಲ ಎರಡು ಗಂಟೆ ಚಿನ್ನ. ಕ್ಯೂ ಚಿಕ್ಕದಿರುತ್ತೆ, ಬಿಸಿಲು ಏರಿರಲ್ಲ, ಲೈಟ್ನಿಂಗ್ ಲೇನ್‌ಗೆ ದುಡ್ಡು ಕೊಡದೆಯೇ ದೊಡ್ಡ ರೈಡ್‌ಗಳನ್ನು ಮುಗಿಸಬಹುದು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಹೆಚ್ಚುಕಡಿಮೆ ದಿನಾ ಗುಡುಗು ಮಳೆ. ಹತ್ತಿರದಲ್ಲಿ ಸಿಡಿಲಿದ್ದರೆ ಹೊರಗಿನ ರೋಲರ್ ಕೋಸ್ಟರ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದರು ಅಂತ ಟಿಕೆಟ್ ದುಡ್ಡು ವಾಪಸ್ ಬರಲ್ಲ. ಹಾಗಾಗಿ ಬಡವರ ಪಾರ್ಕ್ ದಿನ ಅಂದರೆ ಬೆಳಗಿನ ಹೊತ್ತೇ. ಈ ಟಿಕೆಟ್‌ನವರು ಕೇಳುವುದೂ ಸರಿಯಾಗಿ ಅದನ್ನೇ.

ಆದರೂ ಮರುದಿನ ಬೆಳಿಗ್ಗೆ ಆ ರೆಸಾರ್ಟ್‌ಗೆ ಹೋದೆವು. ಹಾಲ್‌ನಲ್ಲಿ ಸಾಲು ಸಾಲು ದುಂಡು ಮೇಜು. ಪ್ರತಿ ಮೇಜಿಗೂ ಒಂದು ಜೋಡಿ, ಒಬ್ಬ ಸೇಲ್ಸ್‌ಮನ್. ನಮಗೆ ಸಿಕ್ಕ ಮನುಷ್ಯ ಮೊದಲರ್ಧ ಗಂಟೆ ವ್ಯಾಪಾರದ ಮಾತೇ ಎತ್ತಲಿಲ್ಲ. ಎಲ್ಲಿ ಭೇಟಿಯಾದಿರಿ, ಯಾವ ದೇಶ ನೋಡುವ ಆಸೆ, ಮಕ್ಕಳು ಯಾವಾಗ. ನಾವು ಹೇಳಿದ್ದನ್ನೆಲ್ಲ ಆಮೇಲೆ ಒಂದೊಂದಾಗಿ ನಮ್ಮ ಮೇಲೇ ತಿರುಗಿಸಿದ. ಬಿಳಿ ಹಾಳೆ ತೆಗೆದು ಲೆಕ್ಕ ಬರೆಯಲು ಶುರು ಮಾಡಿದ. ವಿಚಿತ್ರ ಏನು ಗೊತ್ತಾ, ಎದುರು ಕೂತಿದ್ದವನು ಅಂಕಿಗಳನ್ನು ತಲೆಕೆಳಗಾಗಿ ಬರೆಯುತ್ತಿದ್ದ, ನಮಗೆ ನೇರವಾಗಿ ಕಾಣುವ ಹಾಗೆ. ಒಂದೂ ತಪ್ಪಿಲ್ಲ, ಒಂದೂ ಕಾಟು ಹೊಡೆದಿಲ್ಲ. ಎಷ್ಟು ಸಾವಿರ ಜೋಡಿಗಳ ಮುಂದೆ ಅಭ್ಯಾಸ ಮಾಡಿರಬೇಕು! ವರ್ಷಕ್ಕೆ ಹೋಟೆಲ್ ಖರ್ಚು ಇಷ್ಟು, ಮೂವತ್ತು ವರ್ಷಕ್ಕೆ ಇಷ್ಟು, ನಮ್ಮ ಹತ್ತಿರ ಕೊಂಡರೆ ಇಷ್ಟೇ. ಆ ಹಾಳೆಯಲ್ಲಿ ಮೇಂಟೆನೆನ್ಸ್ ಇರಲಿಲ್ಲ. ಬಡ್ಡಿ ಇರಲಿಲ್ಲ. ಹಾಳೆಯನ್ನು ನಾನು ಇಟ್ಟುಕೊಳ್ಳಲಾ ಅಂದಾಗ ಮಡಚಿ ತನ್ನ ಫೈಲಿಗೆ ಸೇರಿಸಿಕೊಂಡ.

90 ನಿಮಿಷ ಯಾವಾಗಲೋ ಕಳೆದಿತ್ತು. ಬೇಡ ಅಂದೆವು. ಮ್ಯಾನೇಜರ್ ಬಂದ, ಬೆಲೆ ಇಳಿಯಿತು. ಮತ್ತೆ ಬೇಡ ಅಂದೆವು. ಇನ್ನೊಬ್ಬರು ಬಂದರು, ಇನ್ನೂ ಇಳಿಯಿತು. ಪಕ್ಕದಲ್ಲಿ ಯಾರೋ ಸಹಿ ಹಾಕಿದ್ದಕ್ಕೆ ಶಾಂಪೇನ್ ಬಾಟಲಿ ತೆಗೆದು ಚಪ್ಪಾಳೆ ಹೊಡೆಸಿದರು. "ಈ ಬೆಲೆ ಇವತ್ತಿಗೆ ಮಾತ್ರ, ಬಾಗಿಲು ದಾಟಿದರೆ ಇಲ್ಲ." ಟಿಕೆಟ್ ಕೊಡಿ, ಹೊರಡುತ್ತೇವೆ ಅಂದರೆ "ಕೊಡೋಣ, ಎರಡೇ ನಿಮಿಷ."

ಹೊಸ ಜೋಡಿಗಳೇ ಯಾಕೆ ಬೇಕು ಅನ್ನೋದು ಆಗ ಅರ್ಥವಾಯಿತು. ಹತ್ತು ವರ್ಷ ಸಂಸಾರ ಮಾಡಿದವರು ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಎದ್ದು ಹೊರಟುಬಿಡುತ್ತಾರೆ. ನಮಗಿನ್ನೂ ಆ ಭಾಷೆ ಬಂದಿರಲಿಲ್ಲ. ಸೇಲ್ಸ್‌ಮನ್ ನನ್ನ ಕಡೆ ತಿರುಗಿ "ನಿಮಗೆ ಇಷ್ಟ ಇದೆ ಅಂತ ನಿಮ್ಮ ಮುಖವೇ ಹೇಳುತ್ತೆ, ಇವರಿಗೆ ಮಾತ್ರ ಯಾಕೋ ಹಿಂಜರಿಕೆ" ಅಂದ. ಹೆಂಡತಿಯ ಮುಂದೆ ಜುಗ್ಗ ಅನ್ನಿಸಿಕೊಳ್ಳಲು ಯಾವ ಗಂಡನಿಗೆ ಇಷ್ಟ? ಇವರು ಒಪ್ಪಿದ್ದು ನನಗೋಸ್ಕರ, ನಾನು ಸುಮ್ನಿದ್ದದ್ದು ಇವರಿಗೋಸ್ಕರ. ಟ್ಯಾಬ್ಲೆಟ್ ಮೇಲೆ ಬೆರಳಿಟ್ಟು ಇಬ್ಬರೂ ಸಹಿ ಹಾಕುತ್ತಾ ಹೋದೆವು. ಮುಂಗಡ ಕಟ್ಟಲು ಕಾಸಿಲ್ಲ ಅಂದಿದ್ದಕ್ಕೆ ಅಲ್ಲೇ ಕೂರಿಸಿ ಹೊಸ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿಸಿ, ಅದರಲ್ಲೇ ಉಜ್ಜಿದರು. ಕಾಗದ ಪತ್ರವೆಲ್ಲ ಒಂದು ಪೆನ್ ಡ್ರೈವ್‌ನಲ್ಲಿ. ಟಿಕೆಟ್ ಬದಲು ಕೊಟ್ಟಿದ್ದು ವೋಚರ್. ಅದನ್ನು ಬೇರೆ ಕಟ್ಟಡದ ಕೌಂಟರ್‌ನಲ್ಲಿ ಬದಲಾಯಿಸಿಕೊಂಡು ಪಾರ್ಕ್ ಸೇರುವಷ್ಟರಲ್ಲಿ ಮಳೆ ಶುರುವಾಗಿತ್ತು.

ಈಗ ಮುಖ್ಯ ವಿಷಯ. ಯಾರಾದರೂ ಈಗಾಗಲೇ ಸಹಿ ಹಾಕಿ ಇದನ್ನು ಓದುತ್ತಿದ್ದರೆ, ಇಲ್ಲಿಂದ ನಿಧಾನವಾಗಿ ಓದಿ.

ಫ್ಲೋರಿಡಾದ ಟೈಮ್‌ಷೇರ್ ಕಾನೂನಿನ ಪ್ರಕಾರ ಸಹಿ ಹಾಕಿದ ದಿನದಿಂದ, ಅಥವಾ ಕೊಡಬೇಕಾದ ದಾಖಲೆಗಳಲ್ಲಿ ಕೊನೆಯದು ಕೈಸೇರಿದ ದಿನದಿಂದ, ಯಾವುದು ತಡವೋ ಅಲ್ಲಿಂದ 10 ದಿನದೊಳಗೆ ಒಪ್ಪಂದ ರದ್ದು ಮಾಡಬಹುದು. ಶನಿವಾರ, ಭಾನುವಾರವೂ ಆ ಹತ್ತರಲ್ಲೇ ಸೇರಿವೆ. ಕಾರಣ ಹೇಳಬೇಕಾಗಿಲ್ಲ, ದಂಡವೂ ಇಲ್ಲ. ಈ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಅವರು ನಿಮ್ಮಿಂದ ಬರೆಸಿಕೊಂಡಿದ್ದರೂ ಅದು ನಡೆಯಲ್ಲ. ಆದರೆ ರದ್ದತಿ ಬರವಣಿಗೆಯಲ್ಲೇ ಇರಬೇಕು. ಫೋನ್ ಮಾಡಿದರೆ "ಆಯ್ತು ನೋಡೋಣ, ನಮ್ಮವರು ಕರೆ ಮಾಡುತ್ತಾರೆ" ಅಂತ ದಿನ ತಳ್ಳುತ್ತಾರೆ. ನಾವೂ ಮೊದಲು ಫೋನೇ ಮಾಡಿದ್ದು. ಮೂಗಿಗೆ ತುಪ್ಪ ಸವರುವುದರಲ್ಲಿ ಅವರು ಎತ್ತಿದ ಕೈ.

ಪತ್ರ ಎಲ್ಲಿಗೆ ಕಳಿಸಬೇಕು ಅನ್ನುವ ವಿಳಾಸ ಒಪ್ಪಂದದ ಒಳಗೇ ಇರುತ್ತೆ, ರದ್ದತಿ ಹಕ್ಕಿನ ಸಾಲುಗಳ ಜೊತೆ. ಪೆನ್ ಡ್ರೈವ್‌ನ ನೂರಾರು ಪುಟಗಳಲ್ಲಿ ಅದನ್ನು ಹುಡುಕುವುದೇ ನಮ್ಮ ಒಂದು ರಾತ್ರಿಯ ಕೆಲಸವಾಯಿತು. ಹನಿಮೂನ್ ರಾತ್ರಿ ಅಂತ ಬೇರೆ ಹೇಳಬೇಕಾ! ಪತ್ರ ಚಿಕ್ಕದಿರಲಿ: ಒಪ್ಪಂದದ ನಂಬರು, ತಾರೀಕು, ಇಬ್ಬರ ಹೆಸರು, ರದ್ದು ಮಾಡುತ್ತಿದ್ದೇವೆ ಅನ್ನುವ ಒಂದು ಸಾಲು, ಇಬ್ಬರ ಸಹಿ. ಅಂಚೆ ಕಚೇರಿಯಲ್ಲಿ ಸರ್ಟಿಫೈಡ್ ಮೇಲ್ ಮಾಡಿಸಿ, ಮುಟ್ಟಿದ್ದಕ್ಕೆ ರಸೀದಿ ಕೇಳಿ. ಪತ್ರ ಅವರಿಗೆ ತಲುಪಿದ ದಿನ ಲೆಕ್ಕಕ್ಕಿಲ್ಲ, ನೀವು ಕಳಿಸಿದ ದಿನವೇ ಲೆಕ್ಕ. ಹಾಗಾಗಿ ಅಂಚೆಯ ಮುದ್ರೆ ಇರುವ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ನಮಗೆ ದುಡ್ಡು ವಾಪಸ್ ಬಂತು. ಆ ಹೊಸ ಕಾರ್ಡ್ ಮಾತ್ರ ತಾನಾಗಿ ಹೋಗಲಿಲ್ಲ, ಬ್ಯಾಂಕಿಗೆ ಬೇರೆಯಾಗಿ ಹೇಳಿ ಮುಚ್ಚಿಸಬೇಕಾಯಿತು.

ಹತ್ತು ದಿನ ಮೀರಿದವರಿಗೆ ಇನ್ನೊಂದು ಗುಂಪು ಗಂಟು ಬೀಳುತ್ತೆ: "ಮೊದಲು ಫೀಸ್ ಕಟ್ಟಿ, ಟೈಮ್‌ಷೇರ್‌ನಿಂದ ಬಿಡಿಸುತ್ತೇವೆ" ಅನ್ನುವವರು. ಮುಂಗಡ ಕೇಳುವ ಇಂಥವರ ಬಗ್ಗೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಎಚ್ಚರಿಸಿದೆ. ಬಾಣಲೆಯಿಂದ ಬೆಂಕಿಗೆ ಬೀಳಬೇಡಿ.

ಕಡಿಮೆ ದುಡ್ಡಲ್ಲಿ ಹೋಗುವವರು ಎಡವುವ ಬೇರೆ ಜಾಗಗಳೂ ಇವೆ. "ನಾಲ್ಕು ದಿನದ ಟಿಕೆಟ್, ಎರಡು ದಿನ ಬಳಸಿಲ್ಲ, ಅಗ್ಗಕ್ಕೆ ಕೊಡುತ್ತೇವೆ" ಅಂದರೆ ಮುಟ್ಟಲೂ ಬೇಡಿ. ಡಿಸ್ನಿ ವರ್ಲ್ಡ್ ಟಿಕೆಟ್ ಬಳಸಲು ಶುರು ಮಾಡಿದವರ ಹೆಸರಿಗೇ ಅಂಟಿಕೊಂಡಿರುತ್ತೆ, ಗೇಟಿನಲ್ಲಿ ಬೆರಳು ಸ್ಕ್ಯಾನ್ ಮಾಡುತ್ತಾರೆ. ಅರ್ಧ ಬಳಸಿದ ಟಿಕೆಟ್ ಮಾರುವುದು ಫ್ಲೋರಿಡಾದಲ್ಲಿ ಕಾನೂನಿಗೂ ವಿರುದ್ಧ.

ಹೋಟೆಲ್ ವಿಷಯ. "ಪಾರ್ಕ್‌ಗೆ ಹತ್ತು ನಿಮಿಷ" ಅನ್ನುವ, ಪಕ್ಕದ ಊರು ಕಿಸಿಮ್ಮಿ ಕಡೆಯ ಹೋಟೆಲ್‌ಗಳು ಅಗ್ಗವೇನೋ ಹೌದು. ಆದರೆ ಹತ್ತು ನಿಮಿಷ ಇರುವುದು ಡಿಸ್ನಿಯ ಗಡಿಗೆ. ಡಿಸ್ನಿಯ ಒಟ್ಟು ಜಾಗ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ದ್ವೀಪದ ಸುಮಾರು ಎರಡರಷ್ಟು. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋದರೆ ಪಾರ್ಕಿಂಗ್ ಒಂದು ಕಡೆ, ಪಾರ್ಕ್ ಇನ್ನೊಂದು ಕಡೆ. ನಡುವೆ ಮೋನೊರೈಲ್ ಅಥವಾ ಫೆರಿ ಹತ್ತಬೇಕು. ಪಾರ್ಕಿಂಗ್‌ಗೆ ದಿನಕ್ಕೆ ಕನಿಷ್ಠ 30 ಡಾಲರ್ ಬೇರೆ. ಡಿಸ್ನಿಯ ಸ್ವಂತ ಹೋಟೆಲ್‌ನಲ್ಲಿ ಉಳಿದರೆ ಇದು ಇಲ್ಲ, ಬಸ್ಸೂ ಪುಕ್ಕಟೆ, ಪಾರ್ಕ್ ಬಾಗಿಲು ನಿಮಗೆ ಅರ್ಧ ಗಂಟೆ ಮೊದಲೇ ತೆಗೆಯುತ್ತಾರೆ. ಹಾಗಾಗಿ ಅವರ ಅಗ್ಗದ ಹೋಟೆಲ್‌ಗಳ ಬೆಲೆಯ ಪಕ್ಕ ಇದನ್ನೆಲ್ಲ ಕೂಡಿಸಿ ನೋಡಿ. ರೂಮಿನ ಬೆಲೆಯ ಮೇಲೆ ಒರ್ಲ್ಯಾಂಡೊದಲ್ಲಿ 12.5, ಕಿಸಿಮ್ಮಿಯಲ್ಲಿ 13.5 ಶೇಕಡಾ ತೆರಿಗೆ ಇದೆ. ಹೋಟೆಲ್‌ನವರು ಬಾಡಿಗೆಯ ಮೇಲೆ ಬೇರೆಯಾಗಿ ಹಾಕುವ ರೆಸಾರ್ಟ್ ಫೀ ಅನ್ನುವುದನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕು ಅಂತ 2025ರ ಮೇ ತಿಂಗಳಿಂದ ನಿಯಮ ಬಂದಿದೆ. ತೆರಿಗೆಗೆ ಆ ಮಾತು ಅನ್ವಯಿಸಲ್ಲ. ಚೆಕ್ ಇನ್ ಹೊತ್ತಿಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಠೇವಣಿ ಅಂತ ಹಿಡಿದಿಟ್ಟ ದುಡ್ಡು ಬಿಡುಗಡೆಯಾಗಲು ದಿನಗಟ್ಟಲೆ ಆಗುತ್ತೆ, ಅಷ್ಟರಲ್ಲಿ ಹನಿಮೂನೇ ಮುಗಿದಿರುತ್ತೆ.

ನಿಜವಾಗಿ ದುಡ್ಡು ಉಳಿದಿದ್ದು ಸಣ್ಣ ಪುಟ್ಟದರಲ್ಲಿ. ಡಿಸ್ನಿ ವರ್ಲ್ಡ್ ಪಾರ್ಕ್‌ಗಳ ಒಳಗೆ ನಮ್ಮ ಊಟ ನಾವೇ ಒಯ್ಯಬಹುದು, ಗಾಜಿನ ಬಾಟಲಿ ಮತ್ತು ಮದ್ಯ ಇರಬಾರದು ಅಷ್ಟೇ. ಸೆಲ್ಫ್ ಸರ್ವಿಸ್ ಕೌಂಟರ್‌ಗಳಲ್ಲಿ ತಣ್ಣನೆ ನೀರು ಕೇಳಿದರೆ ಕಾಸಿಲ್ಲದೆ ಕೊಡುತ್ತಾರೆ. ಹೊಸದಾಗಿ ಮದುವೆಯಾಗಿದೆ ಅಂತ ಪಾರ್ಕ್‌ನ ಸಹಾಯ ಕೌಂಟರ್ ಗೆಸ್ಟ್ ರಿಲೇಷನ್ಸ್‌ನಲ್ಲಿ ಹೇಳಿದರೆ ಅಂಗಿಗೆ ಚುಚ್ಚಿಕೊಳ್ಳುವ ಬಟನ್ ಪುಕ್ಕಟೆ. ದಾರಿಯಲ್ಲಿ ಸಿಕ್ಕವರೆಲ್ಲ ಶುಭಾಶಯ ಹೇಳುತ್ತಾರೆ, ಅದೇ ಒಂದು ಖುಷಿ. ಪಾರ್ಕ್ ಇಲ್ಲದ ದಿನ ಡಿಸ್ನಿಯವರದೇ ಅಂಗಡಿ, ಊಟದ ಜಾಗಗಳಿರುವ ಡಿಸ್ನಿ ಸ್ಪ್ರಿಂಗ್ಸ್‌ಗೆ ಹೋಗಿ. ಒಳಗೆ ಹೋಗಲೂ ದುಡ್ಡಿಲ್ಲ, ಪಾರ್ಕಿಂಗ್‌ಗೂ ಇಲ್ಲ.

ಒಂದು ಮರೆತಿದ್ದೆ. ರೂಮು ಸೇರಿದ ಸ್ವಲ್ಪ ಹೊತ್ತಿಗೇ ಫೋನ್ ರಿಂಗ್ ಆಗಿ "ನಿಮಗೊಂದು ವೆಲ್‌ಕಮ್ ಗಿಫ್ಟ್ ಇದೆ, ಇಬ್ಬರೂ ಕೆಳಗೆ ಬಂದು ತಗೊಳ್ಳಿ" ಅಂದರೆ, ಇಬ್ಬರೂ ಅನ್ನುವ ಪದ ಕೇಳಿದ ಕೂಡಲೇ ಫೋನ್ ಇಟ್ಟುಬಿಡಿ. ಅದೂ ಇದೇ ವ್ಯಾಪಾರ.