ಎರಡು ಗಂಟೆಯವರ ಆಟ, ಅರವತ್ತು ಗಂಟೆಯವರ ಆಟ: ಡ್ರ್ಯಾಗನ್ ಕ್ವೆಸ್ಟ್ 11 ಎಸ್

ಮಣಿಪಾಲದ ಯಾವ ಹಾಸ್ಟೆಲಿಗೆ ಹೋದರೂ ಜಪಾನಿ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ವಿಡಿಯೋ ಗೇಮ್) ಬಗ್ಗೆ ನಡೆಯುವ ಜಗಳ ಹೆಚ್ಚುಕಡಿಮೆ ಇದೇ:

“ಎಂತ ಮಾರಾಯ ಇದು? ಅಟ್ಯಾಕ್ ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ಇದಕ್ಕೆ ಇಷ್ಟು ದುಡ್ಡಾ?”

“ಎಷ್ಟು ಹೊತ್ತು ಆಡಿದ್ದಿ?”

“ಒಂದೂವರೆ ಗಂಟೆ. ರಿಫಂಡಿಗೆ ಹಾಕಿ ಆಯ್ತು.”

“ಹಾಗಾದ್ರೆ ನೀನು ನೋಡಿದ್ದು ಯಕ್ಷಗಾನದ ಚೌಕಿ ಪೂಜೆ ಮಾತ್ರ. ಆಟ ರಂಗಕ್ಕೆ ಬರ್ಲೇ ಇಲ್ಲ.”

ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ, ತೊಂದರೆ ಇರುವುದೇ ಅಲ್ಲಿ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಹಿಂತಿರುಗಿಸಬೇಕಾದರೆ ಕೊಂಡು 14 ದಿನ ಮೀರಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ನಾಯಕ ತನ್ನ ಹಳ್ಳಿ ಬಿಟ್ಟು, ರಾಜಧಾನಿ ಹೀಲಿಯೊಡೋರ್ ಸೇರಿ, ಜೈಲಿಗೆ ಬಿದ್ದು, ಎರಿಕ್ ಎಂಬ ಕಳ್ಳನ ಜೊತೆ ತಪ್ಪಿಸಿಕೊಳ್ಳುವ ಹೊತ್ತಿಗೆ ಆ ಎರಡು ಗಂಟೆ ಹತ್ತಿರ ಹತ್ತಿರ ಕಳೆದಿರುತ್ತದೆ. ತಂಡದಲ್ಲಿ ಆಗ ಇರುವುದು ಇಬ್ಬರೇ. ಮಂತ್ರ ನಾಲ್ಕೈದು, ಯೋಚಿಸಿ ಆಡಬೇಕಾದ ಕಾಳಗ ಒಂದೂ ಇಲ್ಲ. ಮುಖ್ಯ ಕಥೆಗೆ 50–60 ಗಂಟೆ ಬೇಕು; ಕೊನೆಗೆ ತಯಾರಕರ ಹೆಸರುಗಳ ಪಟ್ಟಿ ಓಡಿದ ಮೇಲೆ ತೆರೆದುಕೊಳ್ಳುವ ಮೂರನೇ ಭಾಗವೂ ಸೇರಿದರೆ 80ರಿಂದ 100. ಒಂದೂವರೆ ಗಂಟೆಗೆ ಬಿಟ್ಟವರೂ ಕೊನೆ ಮುಟ್ಟಿದವರೂ ಬೇರೆ ಬೇರೆ ಆಟಗಳ ಬಗ್ಗೆ ತೀರ್ಪು ಕೊಡುತ್ತಿದ್ದಾರೆ ಎಂದೇ ತಿಳಿಯಬೇಕು.

ನಮ್ಮ ಕರಾವಳಿಯವರಿಗೆ ಈ ಜಗಳ ಹೊಸತೇನಲ್ಲ. ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಒಡ್ಡೋಲಗ ಎಲ್ಲ ಮುಗಿದು ಪ್ರಸಂಗ ಕಾವೇರುವಾಗ ನಡುರಾತ್ರಿ. ಅದನ್ನೆಲ್ಲ ಕೂತು ನೋಡುವವರು ಒಂದು ಜಾತಿ, ಊಟ ಮುಗಿಸಿ ಹನ್ನೆರಡಕ್ಕೆ ಬಯಲಿಗೆ ಬರುವವರು ಇನ್ನೊಂದು. ಕೊನೆಗೆ ಮೇಳಗಳೇ ಕಾಲಮಿತಿಗೆ ಇಳಿದವು. ಜಪಾನಿ ಆರ್‌ಪಿಜಿ ಇನ್ನೂ ಬೆಳಗಿನವರೆಗಿನ ಆಟ. ಕಥೆಯಲ್ಲೂ ಅದೇ ಹೋಲಿಕೆ ನಿಲ್ಲುತ್ತದೆ: ಪ್ರಸಂಗ ಮೊದಲೇ ಬರೆದದ್ದು, ಕರ್ಣ ಸಾಯಲೇಬೇಕು. ಇಲ್ಲಿಯ ನಾಯಕ ಯಾರ ಪಕ್ಷ ಸೇರಬೇಕು, ಯಾರನ್ನು ಉಳಿಸಬೇಕು ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ‘ಇಲ್ಲ’ ಎಂದರೆ ‘ಹೂಂ’ ಅನ್ನುವವರೆಗೆ ಬಿಡುವುದಿಲ್ಲ.

ಇದು ಹೀಗೇಕೆ ಎನ್ನುವುದಕ್ಕೆ ಒಂದು ಹಳೆಯ ಕಾರಣ ಉಂಟು. 1981ರಲ್ಲಿ ಅಮೆರಿಕದಲ್ಲಿ ‘ವಿಜರ್ಡ್ರಿ’ ಮತ್ತು ‘ಅಲ್ಟಿಮಾ’ ಬಂದವು. ಎರಡೂ ಕೀಬೋರ್ಡ್ ಇರುವ ಕಂಪ್ಯೂಟರಿನ ಆಟಗಳು, ಮ್ಯಾನುವಲ್ ಓದದೆ ಒಂದು ಹೆಜ್ಜೆ ಇಡಲಾಗದಂಥವು. ಜಪಾನಿನ ವಿನ್ಯಾಸಕ ಯೂಜಿ ಹೊರೀ 1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಒಂದರಿಂದ ಕಾಳಗದ ರೀತಿಯನ್ನೂ ಇನ್ನೊಂದರಿಂದ ಮೇಲಿನಿಂದ ಕಾಣುವ ಭೂಪಟವನ್ನೂ ತೆಗೆದುಕೊಂಡು, ಅದನ್ನು ನಿಂಟೆಂಡೋದ ಗೇಮ್ ಯಂತ್ರ ಫ್ಯಾಮಿಕಾಮ್‌ನ ಎರಡೇ ಗುಂಡಿಯ ಕಂಟ್ರೋಲರಿಗೆ ಇಳಿಸಿದರು. ಶಾಲೆ ಮಕ್ಕಳೂ ಮುಗಿಸುವಂತಿರಬೇಕು ಎಂದರೆ ಆಯ್ಕೆಗಳು ಕಡಿಮೆಯಾಗಬೇಕು, ಕಥೆ ಕೈಹಿಡಿದು ನಡೆಸಬೇಕು. ಕಷ್ಟದ ಜಾಗದಲ್ಲಿ ಕೈಚಳಕ ಸಾಲದಿದ್ದರೆ ಸಮಯ ಹಾಕಿ ಲೆವೆಲ್ ಏರಿಸಿ ದಾಟಬಹುದು. ಪಾಶ್ಚಾತ್ಯ ಆರ್‌ಪಿಜಿಗಳು ‘ನೀನು ಯಾರು?’ ಎಂದು ಕೇಳುತ್ತಾ ಬೆಳೆದವು, ಇವು ‘ಮುಂದೆ ಏನಾಯಿತು ಗೊತ್ತಾ?’ ಎನ್ನುತ್ತಾ ಬೆಳೆದವು. ಮೊದಲನೆಯದರ ರುಚಿ ಹತ್ತಿದವರಿಗೆ ಎರಡನೆಯದು ಸಿನಿಮಾದ ನಡುವೆ ಬಟನ್ ಒತ್ತಿದ ಹಾಗೆ ಕಾಣುತ್ತದೆ.

‘ಟರ್ನ್ ಬೇಸ್ಡ್ (ಸರದಿಯಂತೆ ಒಬ್ಬೊಬ್ಬರೇ ಹೊಡೆಯುವ ಕಾಳಗ) ಎಂದರೆ ಬೋರು, ಅದಕ್ಕೇ ಜನ ಬಿಡುವುದು’ ಎನ್ನುವ ಮಾತನ್ನು ಮಾತ್ರ ಒಪ್ಪಲಾಗದು. 2023ರ ಬಾಲ್ಡರ್ಸ್ ಗೇಟ್ 3 ಸರದಿಯ ಕಾಳಗವೇ, ಬೆಲ್ಜಿಯಮ್‌ನ ಲೇರಿಯನ್ ಮಾಡಿದ್ದು, ಜನ ಮುಗಿಬಿದ್ದು ಆಡಿದರು. 2025ರ ಏಪ್ರಿಲ್‌ನಲ್ಲಿ ಬಂದ ಕ್ಲೇರ್ ಒಬ್ಸ್ಕ್ಯೂರ್ ಫ್ರಾನ್ಸಿನ ಮಾಂಪೆಲಿಯೆಯದು; ಅದೂ ಸರದಿಯ ಆಟವೇ, ಶತ್ರುವಿನ ಏಟನ್ನು ತಡೆಯಲು ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಬೇಕು ಅಷ್ಟೆ. ಅತ್ತ ಜಪಾನಿನದೇ ಆದ ಫೈನಲ್ ಫ್ಯಾಂಟಸಿ 16ರಲ್ಲಿ ಸರದಿಯೇ ಇಲ್ಲ. ಅದರ ನಿರ್ಮಾಪಕ ನಾವೋಕಿ ಯೋಶಿಡಾ 2023ರಲ್ಲಿ, ‘ಜೆಆರ್‌ಪಿಜಿ’ (ಜಪಾನಿ ಆರ್‌ಪಿಜಿ) ಎಂಬ ಹೆಸರು ಮೊದಮೊದಲು ತಮ್ಮಲ್ಲಿ ಕೆಲವರಿಗೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಹಾಗೆ ಕೇಳಿಸಿತ್ತು ಎಂಬರ್ಥದ ಮಾತಾಡಿದ್ದರು. ಹೆಸರಿನ ಗಡಿಯೇ ಹೀಗೆ ಕಲಸಿಹೋಗಿರುವಾಗ ಬೋರಿನ ಮೂಲವನ್ನು ಬೇರೆ ಕಡೆ ಹುಡುಕಬೇಕು.

ನಮ್ಮ ಲೆಕ್ಕದಲ್ಲಿ ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ಬೋರಿನ ಮೊದಲ ಮೂಲ ಒಂದು ಸೆಟ್ಟಿಂಗ್. ಜೊತೆಗಾರರ ‘ಟ್ಯಾಕ್ಟಿಕ್ಸ್’ ತಾನಾಗಿಯೇ ‘ಫೈಟ್ ವೈಸ್ಲಿ’ಯಲ್ಲಿರುತ್ತದೆ, ಎಂದರೆ ನಿಮ್ಮ ನಾಯಕನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕಂಪ್ಯೂಟರೇ ಆಡಿಸುತ್ತದೆ. ಹೊಸಬರು ಇದನ್ನು ಗಮನಿಸುವುದಿಲ್ಲ. ತಮ್ಮ ಒಬ್ಬನಿಗೆ ಅಟ್ಯಾಕ್ ಒತ್ತುತ್ತಾರೆ, ಉಳಿದದ್ದು ತಾನೇ ನಡೆಯುತ್ತದೆ, ಹತ್ತು ಗಂಟೆ ಕಳೆದ ಮೇಲೆ ‘ಇದರಲ್ಲಿ ಎಂತ ಉಂಟು’ ಅನ್ನುತ್ತಾರೆ. ದೊಡ್ಡ ಶತ್ರು ಎದುರಾದಾಗ ಎಲ್ಲರನ್ನೂ ‘ಫಾಲೋ ಆರ್ಡರ್ಸ್’ಗೆ ಹಾಕಿ. ಸಣ್ಣಪುಟ್ಟ ಕಾಳಗಕ್ಕೆ ಮರಳಿ ಕಂಪ್ಯೂಟರಿಗೆ ಕೊಟ್ಟು, ಕಾಳಗದ ವೇಗವನ್ನು ‘ಅಲ್ಟ್ರಾ ಫಾಸ್ಟ್’ ಮಾಡಿ. ಈ ವೇಗದ ಸೌಲಭ್ಯ, ಮೂಲ ಆಟದ ನಂತರ ತಿದ್ದಿ ತಂದ ‘ಎಸ್’ ಆವೃತ್ತಿಯಲ್ಲಿ ಬಂದದ್ದು.

ಇನ್ನು ಲೆಕ್ಕ. ಈ ಸರಣಿಯ ಹಳೆಯ ಸೂತ್ರದ ಪ್ರಕಾರ ಒಂದು ಹೊಡೆತದ ಬಲ ಎಂದರೆ ನಿಮ್ಮ ದಾಳಿಯ ಅರ್ಧದಿಂದ ಎದುರಾಳಿಯ ರಕ್ಷಣೆಯ ಕಾಲುಭಾಗ ಕಳೆದದ್ದು, ಅದರ ಮೇಲೆ ಸ್ವಲ್ಪ ಏರುಪೇರು. ದಾಳಿ 60, ಎದುರಾಳಿಯ ರಕ್ಷಣೆ 80 ಎಂದಿಟ್ಟುಕೊಳ್ಳಿ. 30ರಲ್ಲಿ 20 ಕಳೆದರೆ ಏಟಿಗೆ 10. ಈಗ 20 ಅಂಕ ಹೆಚ್ಚಿರುವ ಕತ್ತಿ ಹಿಡಿದರೆ 40ರಲ್ಲಿ 20 ಹೋಗಿ 20. ದಾಳಿ ಏರಿದ್ದು ಮೂರನೇ ಒಂದು ಪಾಲು, ಏಟು ಮಾತ್ರ ದುಪ್ಪಟ್ಟು. ಅದರ ಮೇಲೆ ಎದುರಾಳಿಯ ರಕ್ಷಣೆ ಇಳಿಸುವ ಮಂತ್ರ ಹಾಕಿ 80ನ್ನು 40ಕ್ಕೆ ತಂದರೆ 40ರಲ್ಲಿ 10 ಹೋಗಿ 30. ಮೂರುಪಟ್ಟು! ಕತ್ತಿಯೂ ಇಲ್ಲದೆ ಮಂತ್ರವೂ ಇಲ್ಲದೆ ಅಟ್ಯಾಕ್ ಒತ್ತುತ್ತಲೇ ಇರುವವರಿಗೆ ಅದೇ ಶತ್ರು ಮೂರುಪಟ್ಟು ಹೊತ್ತು ತಿನ್ನುತ್ತದೆ, ಆಮೇಲೆ ಅವರು ಲೆವೆಲ್ ಏರಿಸಲು ಹುಲ್ಲುಗಾವಲಿಗೆ ಹೋಗಿ ಎರಡು ಗಂಟೆ ಸ್ಲೈಮ್ ಎಂಬ ಸಣ್ಣ ಶತ್ರುಗಳನ್ನು ಹೊಡೆಯುತ್ತಾರೆ. ಮೆಟಲ್ ಸ್ಲೈಮ್ ಎಂಬ ಪುಟಾಣಿ ಅಷ್ಟು ಅನುಭವದ ಅಂಕ ಕೊಟ್ಟರೂ ಕೈಗೆ ಸಿಗದಿರುವುದೂ ಇದೇ ಸೂತ್ರದಿಂದ: ಜೀವ ಬೆರಳೆಣಿಕೆಯದು, ರಕ್ಷಣೆ ಮಾತ್ರ ಎಷ್ಟೆಂದರೆ ಕಳೆದಾಗ ಉಳಿಯುವುದು ಸೊನ್ನೆ ಇಲ್ಲವೇ ಒಂದು, ಅಷ್ಟರಲ್ಲಿ ಅದು ಓಡಿಹೋಗಿರುತ್ತದೆ. ಅದಕ್ಕೆ ‘ಮೆಟಲ್ ಸ್ಲ್ಯಾಶ್’ ಎಂಬ ಪಟ್ಟು ಕಲಿತಿಟ್ಟುಕೊಳ್ಳಬೇಕು. ರಕ್ಷಣೆಯನ್ನು ಲೆಕ್ಕಿಸದ ಕ್ರಿಟಿಕಲ್ ಏಟು ಬಿದ್ದರಂತೂ ಹಬ್ಬ.

ಕತ್ತಿ ಬೇಕೆಂದರೆ ಅಂಗಡಿಯೊಂದೇ ದಾರಿಯಲ್ಲ. ಜೊತೆಗೆ ಹೊತ್ತೊಯ್ಯುವ ಪುಟ್ಟ ಕುಲುಮೆಯೊಂದು ಸಿಗುತ್ತದೆ. ಕಬ್ಬಿಣ ಬಿಸಿಯಿರುವಾಗ ಪೆಟ್ಟು ಜೋರು, ಪ್ರತಿ ಪೆಟ್ಟಿಗೂ ಶಾಖ ಇಳಿಯುತ್ತದೆ. ಆದ್ದರಿಂದ ದೊಡ್ಡ ಪೆಟ್ಟುಗಳನ್ನು ಮೊದಲು ಹಾಕಿ, ಪರದೆಯ ಮೇಲಿನ ಅಳತೆಪಟ್ಟಿ ಹಸಿರು ಭಾಗ ಮುಟ್ಟಿದ ಮೇಲೆ ಸಣ್ಣ ಪೆಟ್ಟಿನಲ್ಲಿ ಗೆರೆಗೆ ತರಬೇಕು. ಉಲ್ಟಾ ಮಾಡಿದವರಿಗೆ ಗೆರೆ ದಾಟಿಹೋಗುತ್ತದೆ. ಚೆನ್ನಾಗಿ ಬಡಿದರೆ ಅದೇ ಕತ್ತಿ +3ರವರೆಗೆ ಏರುತ್ತದೆ. ಹತ್ತು ನಿಮಿಷದ ಕುಲುಮೆ ಕೆಲಸ ಒಂದು ಗಂಟೆಯ ಸ್ಲೈಮ್ ಬೇಟೆಯನ್ನು ಉಳಿಸುತ್ತದೆ. ಸ್ಕಿಲ್ ಪಾಯಿಂಟ್ ತಪ್ಪಾಗಿ ಹಾಕಿದೆವೆಂದು ತಲೆಕೆಡಿಸಿಕೊಳ್ಳುವುದೂ ಬೇಡ, ಚಿನ್ನ ತೆತ್ತು ಹಿಂದಕ್ಕೆ ಪಡೆಯಬಹುದು.

ಆಟ ತೀರಾ ಸುಲಭ ಎನ್ನುವುದು ಇನ್ನೊಂದು ಬಣದ ದೂರು, ಅದು ನ್ಯಾಯವೇ. ಮದ್ದು ‘ಡ್ರಕೋನಿಯನ್ ಕ್ವೆಸ್ಟ್’ ಎಂಬ, ಆಟ ಕಷ್ಟವಾಗಿಸುವ ಆಯ್ಕೆಗಳ ಪಟ್ಟಿಯಲ್ಲಿದೆ, ಆದರೆ ಅದನ್ನು ಹೊಸ ಆಟ ಶುರುಮಾಡುವಾಗಲೇ ಹಾಕಬೇಕು. ನಡುವೆ ತೆಗೆಯಬಹುದು, ಮತ್ತೆ ಹಾಕಲಾಗದು. ಅನುಭವಿಗಳು ಶತ್ರುಗಳ ಬಲ ಹೆಚ್ಚಿಸುವ ಆಯ್ಕೆಯೊಂದನ್ನು ಧೈರ್ಯವಾಗಿ ಹಾಕಿ. ಅಂಗಡಿಯಲ್ಲಿ ಕೊಳ್ಳಬಾರದು, ಕವಚ ತೊಡಬಾರದು ಎಂಬವು ಎರಡನೇ ಸಲ ಆಡುವವರಿಗೆ. ‘ಶೈಪಾಕ್ಸ್’ ಹಾಕಿದರೆ ನಾಯಕನಿಗೆ ಆಗಾಗ ನಾಚಿಕೆಯಾಗಿ ಸರದಿಯೇ ತಪ್ಪಿಹೋಗುತ್ತದೆ. ತಮಾಷೆಗೆ ಅಡ್ಡಿಯಿಲ್ಲ, ನೂರು ಗಂಟೆಗೆ ಬೇಡ.

ದೋಷಗಳು ಬೇಕಾದಷ್ಟಿವೆ. ನಾಯಕ ಮೂಕ: ಊರೇ ಹೊತ್ತಿ ಉರಿದರೂ ಅದೇ ಕಣ್ಣು, ಅದೇ ಬಾಯಿ. ಡ್ರ್ಯಾಗನ್ ಬಾಲ್‌ನ ಅಕಿರಾ ತೋರಿಯಾಮ ಬಿಡಿಸಿದ ರಾಕ್ಷಸರ ಮುಖದಲ್ಲಿ ಇವನಿಗಿಂತ ಹೆಚ್ಚು ಭಾವ. ಹೆಂಗಸರ ವೇಷ, ‘ಪಫ್ ಪಫ್’ ಎಂಬ ಪೋಲಿ ಜೋಕು ಹಳೇ ಕಾಲದ್ದು, ಮನೆಯ ಹಾಲಿನ ಟಿವಿಯಲ್ಲಿ ಆಡುವವರು ವಾಲ್ಯೂಮ್ ಇಳಿಸಿಕೊಳ್ಳಬೇಕಾಗುತ್ತದೆ. ಬಯಲಿನ ಸಂಗೀತ ಒಂದೇ ರಾಗ, ಇಪ್ಪತ್ತನೇ ಗಂಟೆಗೆ ತಲೆನೋವು. ಮೊದಲ ಆವೃತ್ತಿಯ ಯಾಂತ್ರಿಕ ಧ್ವನಿಯ ಬದಲು ‘ಎಸ್’ನಲ್ಲಿ ವಾದ್ಯವೃಂದ ಬಂದು ಅರ್ಧ ಶಮನವಾಗಿದೆ. ಮೂರನೇ ಭಾಗದಲ್ಲಿ ಕಥೆ ಹಿಡಿಯುವ ದಾರಿ ಎರಡನೆಯದರ ನೋವನ್ನು ಅಗ್ಗ ಮಾಡಿತು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಆದರೂ ಎರಡನೇ ಭಾಗದಲ್ಲಿ ತಂಡದ ಒಬ್ಬೊಬ್ಬರೂ ಮತ್ತೆ ಸಿಗುವ ಘಟ್ಟಗಳಿಗಾಗಿಯೇ ಈ ಆಟ ಆಡಬೇಕು. ಅವು ಅಷ್ಟು ನಾಟುವುದು ಹಿಂದಿನ ಮೂವತ್ತು ಗಂಟೆ ಅವರ ಜೊತೆ ಅಲೆದಿರುವುದರಿಂದ. ಕಾಲಮಿತಿಯಲ್ಲಿ ಇದನ್ನು ಕೊಡಲಾಗುತ್ತಿರಲಿಲ್ಲ.

2ಡಿ ಮೋಡ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಕಾಲದ 2ಡಿ ಆಟಗಳ ರೂಪದಲ್ಲಿ ಇಡೀ ಆಟ ಆಡುವ ಅವಕಾಶ ‘ಎಸ್’ನಲ್ಲಿದೆ. ಆದರೆ 3ಡಿಯಿಂದ ಅಲ್ಲಿಗೆ ಜಿಗಿದರೆ ಕಥೆ ಹಿಂದಿನ ಒಂದು ಘಟ್ಟಕ್ಕೆ ಸರಿಯುತ್ತದೆ, ದಾಟಿದ್ದನ್ನೇ ಮತ್ತೆ ದಾಟಬೇಕು. ಮೇಲಾಗಿ ಅಲ್ಲಿ ಶತ್ರುಗಳು ಕಣ್ಣಿಗೆ ಕಾಣುವುದಿಲ್ಲ, ನಡೆಯುತ್ತಿದ್ದ ಹಾಗೆ ಮೈಮೇಲೆ ಬೀಳುತ್ತಾರೆ.

ಎಲ್ಲ ಜಪಾನಿ ಆಟಗಳೂ ಇಷ್ಟು ಉದಾರವಲ್ಲ ಎಂಬುದನ್ನೂ ಹೇಳಬೇಕು. 2009ರ ಫೈನಲ್ ಫ್ಯಾಂಟಸಿ 13 ಆಟಗಾರರನ್ನು 11ನೇ ಅಧ್ಯಾಯದವರೆಗೆ ಓಣಿಯಲ್ಲೇ ನಡೆಸಿ ಆಮೇಲೆ ಬಯಲಿಗೆ ಬಿಟ್ಟಿತು. ಅದನ್ನು ಬೈಯುವವರ ತಪ್ಪೇನಿಲ್ಲ. ಪರ್ಸೋನಾ 5 ರಾಯಲ್ ಕ್ಯಾಲೆಂಡರಿನ ಆಟ, ಅದರೊಳಗಿನ ದಿನ ಕಳೆದರೆ ಕಳೆಯಿತು. ಆಟದೊಳಗಿನ ನವೆಂಬರ್ 18ರೊಳಗೆ ಮಾರುಕಿ ಎಂಬ ಪಾತ್ರದ ಜೊತೆಗಿನ ಸ್ನೇಹ 9ನೇ ಹಂತಕ್ಕೆ, ನವೆಂಬರ್ 24ರೊಳಗೆ ಅಕೆಚಿಯದ್ದು 8ಕ್ಕೆ, ಡಿಸೆಂಬರ್ 18ರೊಳಗೆ ಕಸುಮಿಯದ್ದು 5ಕ್ಕೆ ಮುಟ್ಟಿರಬೇಕು. ಮಾರುಕಿಯದು ತಪ್ಪಿದರೆ ‘ರಾಯಲ್’ ಎಂದು ಹೆಚ್ಚಾಗಿ ಸೇರಿಸಿದ ಮೂರನೇ ಸೆಮಿಸ್ಟರೇ ತೆರೆಯುವುದಿಲ್ಲ. ಆಟ ಇದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ನೂರು ಗಂಟೆ ಹಾಕಿದವರಿಗೆ ಕೊನೆಯಲ್ಲಿ ಇದು ಗೊತ್ತಾದರೆ ಸಿಟ್ಟು ಬರದೆ ಇರುತ್ತದೆಯೇ?

ಮಂಗಳೂರು–ಉಡುಪಿ ಕಡೆಯವರು ಯಾವುದರಲ್ಲಿ ಆಡಬೇಕು? ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ದಾಟಿದಾಗ ಆಟೋಸೇವ್ ಆಗುತ್ತದೆ, ನೀವೇ ಮಾಡುವ ಸೇವ್ ಚರ್ಚಿನಲ್ಲಿ ಇಲ್ಲವೇ ಬಿಡಾರದ ದೇವಿಯ ಪ್ರತಿಮೆಯ ಹತ್ತಿರ. ದೊಡ್ಡ ಬಯಲಿನಲ್ಲಿ ಮುಕ್ಕಾಲು ಗಂಟೆ ಸುತ್ತುತ್ತಿರುವಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿದರೆ ಅಷ್ಟೂ ನೀರುಪಾಲು. ಲ್ಯಾಪ್‌ಟಾಪ್ ಅಥವಾ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋ ಸ್ವಿಚ್ ಆದರೆ ಈ ಭಯವಿಲ್ಲ. ಸ್ವಿಚ್ಚನ್ನು ದುಬೈಯಿಂದ ಬರುವ ಬಂಧುಗಳ ಕೈಯಲ್ಲಿ ತರಿಸುವುದು ಇಲ್ಲಿಯ ರೂಢಿ. ಯಾವ ದೇಶದ ಕಾರ್ಟ್ರಿಜ್ ಆದರೂ ಓಡುತ್ತದೆ, ಹಾಳಾದರೆ ಮಾತ್ರ ವಾರಂಟಿ ಕೇಳಲು ಇಲ್ಲಿ ಬಾಗಿಲಿಲ್ಲ. 2020ರ ಡಿಸೆಂಬರಿನಲ್ಲಿ ಪಿಸಿಗೆ ಬಂದ ‘ಎಸ್’ ಆವೃತ್ತಿ 2019ರ ಸ್ವಿಚ್ ಆವೃತ್ತಿಯನ್ನೇ ಆಧರಿಸಿದ್ದು. ಆದ್ದರಿಂದ 2018ರ ಮೂಲ ಪಿಸಿ ಆಟಕ್ಕಿಂತ ಗಿಡಮರ, ಬೆಳಕು ಒಂದಿಷ್ಟು ಮಂಕು. ಆ ಮೂಲ ಆವೃತ್ತಿ ಈಗ ಸ್ಟೀಮ್‌ನಲ್ಲಿ ಮಾರಾಟಕ್ಕಿಲ್ಲ. ವಿಶೇಷ ನಷ್ಟವೇನಲ್ಲ, ವಾದ್ಯವೃಂದವೂ ವೇಗವೂ ಆ ಮಂಕನ್ನು ಮರೆಸುತ್ತವೆ.

ದುಡ್ಡು ಕೊಡುವ ಮೊದಲು ಉಚಿತ ಡೆಮೊ ಇಳಿಸಿಕೊಳ್ಳಿ. ಅದು ಹತ್ತು ಗಂಟೆಯಷ್ಟು ಆಟ ಕೊಡುತ್ತದೆ, ಸೇವ್ ಪೂರ್ತಿ ಆಟಕ್ಕೆ ಮುಂದುವರಿಯುತ್ತದೆ, ಅದೂ ಡೆಮೊ ಆಡಿದ ಯಂತ್ರದಲ್ಲೇ ಪೂರ್ತಿ ಆಟ ಕೊಂಡರೆ. ಸ್ಟೀಮ್‌ನ ಎರಡು ಗಂಟೆಯ ಗಡುವಿಗಿಂತ ಇದು ಎಷ್ಟೋ ವಾಸಿ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ರೈಲಿಗೆ ಹತ್ತುವವರಿಗಂತೂ ಹೇಳಿ ಮಾಡಿಸಿದ್ದು: ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗಿನ 57 ಸುರಂಗಗಳಲ್ಲಿ ಫೋನು ಸತ್ತಿರುತ್ತದೆ, ಈ ಆಟಕ್ಕೆ ಆಡುವಾಗ ನೆಟ್ಟೇ ಬೇಡ. ಇಯರ್‌ಫೋನ್ ಮರೆಯಬೇಡಿ, ಮೇಲಿನ ಬರ್ತ್‌ನವರಿಗೆ ಆ ಬಯಲಿನ ರಾಗ ಇಡೀ ರಾತ್ರಿ ಕೇಳುವ ಕರ್ಮ ಯಾಕೆ.