ಇಂಡಕ್ಷನ್ ಸ್ಟವ್‌ಗೆ ಮನೆಯಲ್ಲೇ ಹೊಲಿದ ಚೀಲ: ನಗರ್ತಪೇಟೆ ಸಾಮಾನು ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸೋಕೆ ಅಂತ ಇದನ್ನು ಹೊಲಿಯಬೇಡಿ. ಬಟ್ಟೆ, ಫೋಮ್, ಜಿಪ್, ಬೆಲ್ಟ್ ಎಲ್ಲ ಸೇರಿದರೆ ಒಂದು ಸಾಧಾರಣ ರೆಡಿಮೇಡ್ ಬ್ಯಾಗಿನಷ್ಟೇ ಖರ್ಚಾಗುತ್ತದೆ. ಆದರೆ ಇಂಡಕ್ಷನ್ ಸ್ಟವ್‌ನ ಅಳತೆಗೆ ಸರಿಯಾಗಿ ಕೂರುವ ಬ್ಯಾಗ್ ನನಗೆ ಎಲ್ಲೂ ಸಿಗಲಿಲ್ಲ. ಮಗಳ ಪಿಜಿಗೆ, ಊರಿಗೆ ಅಂತ ಬಸ್ಸಿನಲ್ಲಿ ಹೊತ್ತು ಓಡಾಡುವಾಗ ಗಾಜಿನ ಮೂಲೆಗೆ ಒಂದು ಏಟು ಬಿದ್ದರೆ ಸಾಕು, ಮುಗೀತು.

ಸಾಮಾನೆಲ್ಲ ಬೆಂಗಳೂರಿನ ನಗರ್ತಪೇಟೆಯದು. ಹೊರಗಡೆಗೆ ದಪ್ಪ ಹತ್ತಿ ಕ್ಯಾನ್ವಾಸ್ ತಂದೆ, ಚೆನ್ನಾಗಿದೆ, ಆದರೆ ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಒಳಗೆ ಸೋಫಾ ಸ್ಪಂಜು ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ, ಕೇಳಬೇಡಿ. ಭಾರ ಬಿದ್ದ ಕಡೆ ಅದು ಅಪ್ಪಚ್ಚಿಯಾಗುತ್ತದೆ. ಟಿವಿ ಡಬ್ಬದಲ್ಲಿ ಬರುವ ಬಿಳಿ ಇಪಿಇ ಫೋಮ್ ಹಾಳೆಯೇ ವಾಸಿ, 10 ಮಿ.ಮೀ. ದಪ್ಪ ಸಾಕು. ಅದನ್ನು ಬಟ್ಟೆಯ ಜೊತೆ ಸೇರಿಸಿ ಹೊಲಿಯುವ ಬದಲು ಒಳಗೆ ಜೇಬಿನ ಹಾಗೆ ಮಾಡಿ ತೂರಿಸಿಬಿಡಿ, ಒಗೆಯುವಾಗ ತೆಗೆಯಬಹುದು.

ಒಂದು ವಿಷಯ ಮಾತ್ರ ಮರೆಯಬೇಡಿ. ಇಂಡಕ್ಷನ್‌ನಲ್ಲಿ ಕಾಯುವುದು ಪಾತ್ರೆ, ಸರಿ, ಆದರೆ ಆ ಬಿಸಿ ಕೆಳಗಿನ ಗಾಜಿಗೂ ಇಳಿಯುತ್ತದೆ ಅಲ್ವಾ? ಈ ಫೋಮ್ ಸುಮಾರು 110 ಡಿಗ್ರಿಗೆ ಕರಗುತ್ತದೆ. ಗಾಜು ಆರಿದ ಮೇಲೆಯೇ ಚೀಲಕ್ಕೆ ಹಾಕಿ, ಒಳಗಿನ ಅಸ್ತರಿಗೂ ಹತ್ತಿ ಬಟ್ಟೆಯೇ ಇರಲಿ.

ನಿಜವಾಗಿ ದುಡ್ಡು ಹಾಕಬೇಕಾದ್ದು ಜಿಪ್‌ಗೆ ಮತ್ತು ಬೆಲ್ಟ್‌ಗೆ. ಜಿಪ್‌ನ ನಂಬರ್ ಅಂದರೆ ಹೆಚ್ಚುಕಮ್ಮಿ ಮುಚ್ಚಿದ ಹಲ್ಲಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಲಂಗ, ಕುಶನ್ ಕವರ್‌ಗೆ ಹಾಕುವ ಸಣ್ಣ ಜಿಪ್ ಇಲ್ಲಿ ಬಾಳಲ್ಲ, 8ನೇ ನಂಬರ್ ನೈಲಾನ್ ಜಿಪ್ ಮೀಟರ್ ಲೆಕ್ಕದಲ್ಲಿ ಕೇಳಿ, ಎರಡು ರನ್ನರ್ (ಜಿಪ್ ಎಳೆಯುವ ತುಂಡು) ಬೇರೆ ತಗೊಳ್ಳಿ. ಮೂಲೆಗಳನ್ನು ಲೋಟ ಇಟ್ಟು ದುಂಡಗೆ ಕತ್ತರಿಸಿದರೆ ಜಿಪ್ ಸುಲಭವಾಗಿ ತಿರುಗುತ್ತದೆ. ಬೆಲ್ಟನ್ನು ಬರೀ ಬಾಯಿಯ ಹತ್ತಿರ ಹೊಲಿದು ಬಿಟ್ಟರೆ ಅಷ್ಟೂ ಭಾರ ಆ ನಾಲ್ಕು ಹೊಲಿಗೆಯ ಮೇಲೇ ಬೀಳುತ್ತದೆ. ಚೀಲದ ತಳದಡಿಯಿಂದ ಸುತ್ತಿಸಿ ತಂದು, ಮೇಲೆ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ಬೆಲ್ಟ್ ನೈಲಾನಿನದಾದರೆ ಅದರ ತುದಿಗಳನ್ನು ಬೆಂಕಿಕಡ್ಡಿಯಿಂದ ಸುಟ್ಟರೆ ಎಳೆ ಬಿಡುವುದಿಲ್ಲ.

ಇಷ್ಟಕ್ಕೆ ದೊಡ್ಡ ಮೆಷಿನ್ ಬೇಡ, ಮನೆಯ ಕಾಲು ತುಳಿಯುವ ಮೆಷಿನ್ ಸಾಕು. ಸೂಜಿ ಮಾತ್ರ ಬದಲಿಸಿ. ಪೊಟ್ಟಣದ ಮೇಲೆ 100/16 ಅಂತ ಇರಬೇಕು, 100 ಅಂದರೆ ಸೂಜಿ 1 ಮಿ.ಮೀ. ದಪ್ಪ. ದಾರ ಪಾಲಿಯೆಸ್ಟರ್, ಹೊಲಿಗೆ ಸ್ವಲ್ಪ ಉದ್ದ. ದಪ್ಪ ಮಡಿಕೆ ಬಂದ ಕಡೆ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಪೇಟೆಯ ಬಗ್ಗೆ ಒಂದು ತಕರಾರಿದೆ. ಒಂದು ಅಂಗಡಿಯಲ್ಲಿ ಅರ್ಧ ಗಂಟೆ ಬೆಲ್ಟ್ ತೋರಿಸಿ, ಕೊನೆಗೆ ಪೂರ್ತಿ ರೋಲ್ ಆದರೆ ಮಾತ್ರ ಕೊಡ್ತೀವಿ ಅಂದರು. ಒಳಗೆ ಕಾಲಿಡುವ ಮುಂಚೆಯೇ ‘ಮೀಟರ್ ಲೆಕ್ಕದಲ್ಲಿ ಕೊಡ್ತೀರಾ ಅಣ್ಣ?’ ಅಂತ ಕೇಳಿಬಿಡಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು, ಕಾರಂತೂ ಸುಮ್ನೆ ತರಬೇಡಿ.